ಮಣ್ಣು ಮಾಡುವ ಮುನ್ನ: ಮಳೆ, ನೆರೆ, ಸಿಡಿಲಿಗೆ ಸತ್ತ ಜಾನುವಾರಿಗೆ ಸರ್ಕಾರಿ ಪರಿಹಾರ ಪಡೆಯುವ ಬಗೆ

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟು ಮಲಪ್ರಭೆ ಊರೂರು ಹೊಕ್ಕ ವಾರ ನಮ್ಮ ಓಣಿಯ ಅಕ್ಕ ಒಬ್ಬರ ಎಮ್ಮೆ ಸತ್ತಿತು. ಹೊಳೆಗೆ ಸಿಕ್ಕಿ ಅಲ್ಲ. ದಿನಗಟ್ಟಲೆ ಸುರಿದ ಮಳೆಗೆ ನೆನೆದು ನಿಂತಿದ್ದ ಕೊಟ್ಟಿಗೆಯ ಮಣ್ಣಿನ ಗೋಡೆ ನಸುಕಿನಲ್ಲಿ ಅದರ ಮೇಲೆ ಕುಸಿದು ಬಿತ್ತು. ಎರಡನೇ ಸೂಲಿನ ಎಮ್ಮೆ, ಹೊತ್ತಿಗೆ ನಾಲ್ಕು ಲೀಟರ್ ಹಾಲು ಕೊಡುತ್ತಿತ್ತು. ನಾತ ಹೊಡೆಯುತ್ತದೆ, ನಾಯಿ ಎಳೆದಾಡುತ್ತವೆ ಎಂದು ಮಧ್ಯಾಹ್ನದೊಳಗೆ ಮಣ್ಣು ಮಾಡಿದರು. ಗುರುತಿನ ಸಂಖ್ಯೆಯಿದ್ದ ಕಿವಿಯೋಲೆಯೂ ಅದರ ಜತೆಗೇ ಮಣ್ಣಿಗೆ ಹೋಯಿತು. ಒಂದು ಫೋಟೊ ಕೂಡ ತೆಗೆದಿರಲಿಲ್ಲ. ನಾಲ್ಕನೇ ದಿನ ನೀರಿಳಿದ ಮೇಲೆ ಗ್ರಾಮ ಲೆಕ್ಕಿಗರು ಬಂದು ಕೇಳಿದ್ದು ಒಂದೇ ಮಾತು: "ಎಮ್ಮೆ ಎಲ್ಲಿದೆಯಮ್ಮಾ?"

ಆ ಎಮ್ಮೆಯ ಕತೆ ಮುಂದೆ ಏನಾಯಿತು ಎಂಬುದಕ್ಕೆ ಆಮೇಲೆ ಬರುತ್ತೇನೆ. ಅಂದಿನಿಂದ ಊರಿನಲ್ಲಿ ಯಾರ ದನ ಸತ್ತರೂ ಅರ್ಜಿ ಬರೆಯಲು ನನ್ನನ್ನು ಕರೆಯುವುದು ರೂಢಿಯಾಗಿದೆ. ಪರಿಹಾರದ ಹಣ ತಾಲ್ಲೂಕು ಕಚೇರಿಯಲ್ಲಿ ಕೈತಪ್ಪುತ್ತದೆ ಎಂದು ಜನ ತಿಳಿದಿದ್ದಾರೆ. ನಾನು ಕಂಡಂತೆ ಅದು ಕೈತಪ್ಪುವುದು ಕೊಟ್ಟಿಗೆಯಲ್ಲೇ, ದನ ಸತ್ತ ಮೊದಲ ಆರೆಂಟು ತಾಸಿನಲ್ಲೇ. ಹಾಗಾಗಿ ಈ ಬರಹದಲ್ಲಿ ಮೊದಲ ದಿನಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಸಾವಿನ ಕಾರಣ ಯಾವುದು, ತಟ್ಟಬೇಕಾದ ಬಾಗಿಲು ಯಾವುದು

ದನ ಸತ್ತದ್ದು ಏತರಿಂದ ಎಂಬುದರ ಮೇಲೆ ಇಲಾಖೆ ಬದಲಾಗುತ್ತದೆ, ಮೊತ್ತವೂ ಬದಲಾಗುತ್ತದೆ.

ಪ್ರಕೃತಿ ವಿಕೋಪದಿಂದ ಸತ್ತರೆ ಕಂದಾಯ ಇಲಾಖೆ. ಹಣ ಬರುವುದು ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ. ಕಚೇರಿಯವರ ಬಾಯಲ್ಲಿ ಎಸ್‌ಡಿಆರ್‌ಎಫ್. ಇದಕ್ಕೆ ಕರ್ನಾಟಕದಂಥ ರಾಜ್ಯಗಳಲ್ಲಿ ಮುಕ್ಕಾಲು ಪಾಲು ಹಾಕುವುದು ಕೇಂದ್ರ, ಕಾಲು ಪಾಲು ರಾಜ್ಯ. 2025-26ರವರೆಗಿನ ಕೇಂದ್ರದ ಪಟ್ಟಿಯಲ್ಲಿ ಹನ್ನೆರಡು ವಿಪತ್ತುಗಳಿವೆ: ಚಂಡಮಾರುತ, ಬರ, ಭೂಕಂಪ, ಬೆಂಕಿ, ನೆರೆ, ಸುನಾಮಿ, ಆಲಿಕಲ್ಲು ಮಳೆ, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟಬಾಧೆ ಮತ್ತು ಶೀತಗಾಳಿ. ನಮ್ಮ ಕಡೆ ಮುಂಗಾರಿಗೆ ಮೊದಲು ದನಕುರಿಗಳನ್ನು ಹೆಚ್ಚು ಬಲಿ ತೆಗೆದುಕೊಳ್ಳುವ ಸಿಡಿಲು ಈ ಹನ್ನೆರಡರಲ್ಲಿ ಇಲ್ಲ ಎಂಬುದು ವಿಚಿತ್ರವಾದರೂ ನಿಜ. ಆದರೆ ನಿಧಿಯ ಶೇ 10ರಷ್ಟನ್ನು ರಾಜ್ಯವು ತನ್ನ ನೆಲದ ವಿಪತ್ತುಗಳಿಗೆ ಬಳಸಬಹುದು. ಸಿಡಿಲಿಗೆ ಸತ್ತ ಜಾನುವಾರಿಗೂ ಕರ್ನಾಟಕದಲ್ಲಿ ತಹಶೀಲ್ದಾರರ ಮೂಲಕವೇ ಪರಿಹಾರ ಸಿಗುತ್ತದೆ. "ಸಿಡಿಲು ಪಟ್ಟಿಯಲ್ಲಿಲ್ಲ" ಎಂದು ಯಾರಾದರೂ ಹೇಳಿದರೆ ಸುಮ್ಮನೆ ಮನೆಗೆ ಮರಳಬೇಡಿ.

ಗಾಳಿಮಳೆಗೆ ತಂತಿ ಹರಿದು ಬಿದ್ದು, ಅದನ್ನು ತುಳಿದು ಸತ್ತರೆ ಅದು ವಿದ್ಯುತ್ ಕಂಪನಿಯ ಲೆಕ್ಕ. ಹೆಸ್ಕಾಂ, ಜೆಸ್ಕಾಂ, ಬೆಸ್ಕಾಂ, ನಿಮ್ಮ ಭಾಗಕ್ಕೆ ಯಾವುದೋ ಅದರ ಶಾಖಾ ಕಚೇರಿಗೂ ಪೊಲೀಸ್ ಠಾಣೆಗೂ ಅಂದೇ ತಿಳಿಸಬೇಕು. ವಿದ್ಯುತ್ ಪರಿವೀಕ್ಷಣಾಲಯದ ವರದಿ ಬಂದ ಮೇಲೆ ಅದು ಮುಂದುವರಿಯುತ್ತದೆ. ಚಿರತೆ, ಹುಲಿ ಹಿಡಿದರೆ ವಲಯ ಅರಣ್ಯಾಧಿಕಾರಿ.

ಇವು ಯಾವುವೂ ಅಲ್ಲದ ಆಕಸ್ಮಿಕ ಸಾವುಗಳಿಗೆ ಪಶುಸಂಗೋಪನೆ ಇಲಾಖೆಯ ಅನುಗ್ರಹ ಯೋಜನೆ ಇದೆ. ಹಸು, ಎಮ್ಮೆ, ಎತ್ತಿಗೆ ಇದ್ದ 10,000 ರೂಪಾಯಿಯನ್ನು 15,000ಕ್ಕೆ, ಕುರಿ ಮೇಕೆಗೆ ಇದ್ದ 5,000ವನ್ನು 7,500ಕ್ಕೆ, ಮೂರರಿಂದ ಆರು ತಿಂಗಳ ಮರಿಗೆ ಇದ್ದ 2,500ನ್ನು 3,500ಕ್ಕೆ ಏರಿಸುವುದಾಗಿ ರಾಜ್ಯ ಸರ್ಕಾರ 2025-26ರ ಬಜೆಟ್‌ನಲ್ಲಿ ಘೋಷಿಸಿತು.

ಸಾಂಕ್ರಾಮಿಕ ರೋಗದ ದಾರಿ ಪೂರ್ತಿ ಬೇರೆ. 2022ರಲ್ಲಿ ಚರ್ಮಗಂಟು ರೋಗಕ್ಕೆ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಕೊಟ್ಟದ್ದು ರಾಜ್ಯದ ಪ್ರತ್ಯೇಕ ಆದೇಶದಿಂದ. ನೆರೆ ಇಳಿದ ಮೇಲೆ ಚಪ್ಪೆ ರೋಗವೋ ಗಳಲೆಯೋ ಬಂದು ದನ ಸತ್ತರೆ "ನೆರೆಯಿಂದಲೇ ಬಂತು" ಎಂದು ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ. ಆ ಲಸಿಕೆಗಳನ್ನು ಮುಂಗಾರಿಗೆ ಮೊದಲೇ ಹಾಕಿಸಿಬಿಡುವುದು ಸುಲಭ.

ಮೊದಲ ದಿನ

ದನ ಸತ್ತಿದೆ. ಮನೆಯಲ್ಲಿ ಅಳು. ಆಗ ಫೋನ್ ಹಿಡಿದು ಫೋಟೊ ತೆಗೆಯುವುದು ಕಟುಕತನ ಅನ್ನಿಸುತ್ತದೆ. ಆದರೂ ತೆಗೆಯಲೇಬೇಕು. ಮನೆಯವರಿಗೆ ಆಗದಿದ್ದರೆ ಪಕ್ಕದ ಮನೆಯ ಹುಡುಗನಿಗೆ ಹೇಳಿ.

ಕಳೇಬರವನ್ನು ಬಿದ್ದ ಜಾಗದಿಂದ ಅಲುಗಿಸುವ ಮೊದಲು ನಾಲ್ಕು ಚಿತ್ರ ಸಾಕು. ಒಂದು, ದನ ಮತ್ತು ಸುತ್ತಲಿನ ಜಾಗ ಎರಡೂ ಕಾಣುವಂತೆ ದೂರದಿಂದ: ಬಿದ್ದ ಗೋಡೆ, ನಿಂತ ನೀರು, ಸಿಡಿಲು ಬಡಿದ ಮರ. ಎರಡು, ಮೈಮೇಲಿನ ಗಾಯ ಅಥವಾ ಸುಟ್ಟ ಗುರುತು ಹತ್ತಿರದಿಂದ. ಮೂರು, ಕಿವಿಯೋಲೆಯ ಹನ್ನೆರಡು ಅಂಕಿಗಳು ಸ್ಪಷ್ಟವಾಗಿ ಓದಲು ಬರುವಂತೆ. ಓಲೆಗೆ ಸಗಣಿ ಮೆತ್ತಿದ್ದರೆ ಒರೆಸಿ ತೆಗೆಯಿರಿ. ನಾಲ್ಕು, ಮಾಲೀಕರು ಕಳೇಬರದ ಪಕ್ಕ ನಿಂತಿರುವುದು. ದಿನಾಂಕ ಮತ್ತು ಸ್ಥಳ ಚಿತ್ರದ ಮೇಲೇ ಮೂಡುವ ಕ್ಯಾಮೆರಾ ಆ್ಯಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ತೆಗೆದ ಕೂಡಲೇ ಗ್ರಾಮ ಆಡಳಿತ ಅಧಿಕಾರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಹೊತ್ತು ಅಲ್ಲೇ ದಾಖಲಾಗುತ್ತದೆ. ಗ್ರಾಮ ಲೆಕ್ಕಿಗರನ್ನೇ ಈಗ ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತಾರೆ. ಹುದ್ದೆಯ ಹೆಸರಷ್ಟೇ ಬದಲಾಗಿದೆ.

ಅವರ ಜತೆಗೇ ಪಶುವೈದ್ಯರಿಗೂ ಕರೆ ಹೋಗಬೇಕು. ಹತ್ತಿರದ ಪಶು ಆಸ್ಪತ್ರೆಯ ನಂಬರ್ ಸಿಗದಿದ್ದರೆ 1962ಕ್ಕೆ ಕರೆ ಮಾಡಿ ವಿಚಾರಿಸಬಹುದು. ಗ್ರಾಮ ಆಡಳಿತ ಅಧಿಕಾರಿ ಫೋನ್ ಎತ್ತದಿದ್ದರೆ 1077ಕ್ಕೆ, ಅಂದರೆ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ ತಿಳಿಸಿ, ಕರೆ ಮಾಡಿದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದಿಡಿ. ಊರಲ್ಲಿ ಹತ್ತು ಮನೆಯ ದನ ಸತ್ತ ದಿನ ವೈದ್ಯರು ತಡವಾಗಿ ಬರುವುದು ಅವರ ತಪ್ಪಲ್ಲ. ಒಂದೊಂದು ಆಸ್ಪತ್ರೆಯ ಕೆಳಗೆ ಎಷ್ಟು ಹಳ್ಳಿಗಳಿರುತ್ತವೆ ಎಂಬುದು ನಮಗೆಲ್ಲ ಗೊತ್ತೇ ಇದೆ. ಆದರೆ ಅವರು ಬರುವವರೆಗೆ ಮಣ್ಣು ಮಾಡದೆ ಕಾಯಿರಿ. ಬಿಸಿಲಿದ್ದರೆ ಗೋಣಿಚೀಲ, ತಾಡಪತ್ರಿ ಹೊದಿಸಿ.

ವೈದ್ಯರು ಮರಣೋತ್ತರ ಪರೀಕ್ಷೆ ಮಾಡಿ ವರದಿ ಬರೆಯುತ್ತಾರೆ. ನೆರಡಿ ರೋಗದ (ಆಂಥ್ರಾಕ್ಸ್) ಅನುಮಾನವಿದ್ದರೆ ಮಾತ್ರ ಕಳೇಬರವನ್ನು ಕೊಯ್ಯುವುದಿಲ್ಲ, ನೀವೂ ಚರ್ಮ ಸುಲಿಯಲು ಯಾರಿಗೂ ಬಿಡಬೇಡಿ. ಅದು ಮನುಷ್ಯರಿಗೂ ತಗಲುವ ರೋಗ. ವರದಿಯಲ್ಲಿ ಮೂರು ಸಂಗತಿ ಇವೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ: ಕಿವಿಯೋಲೆ ಸಂಖ್ಯೆ, ಎಷ್ಟನೇ ಸೂಲು ಮತ್ತು ಈಗ ಹಾಲು ಕೊಡುತ್ತಿತ್ತೇ ಅಥವಾ ಗಬ್ಬವಾಗಿತ್ತೇ ಎಂಬುದು, ಸಾವಿನ ಕಾರಣ. ಸೂಲಿನ ಮಾತು ಏಕೆಂದರೆ, ನಿಯಮದ ಪ್ರಕಾರ ಪರಿಹಾರ ಇರುವುದು ದುಡಿಮೆಗೆ ಬರುವ, ಆದಾಯ ಕೊಡುವ ಪ್ರಾಣಿಗೆ. ವರದಿಯಲ್ಲಿ ಬರೀ "ಎಮ್ಮೆ, ಹೆಣ್ಣು" ಎಂದಿದ್ದರೆ ಅದು ಕರೆಯುವ ಎಮ್ಮೆಯೋ ಬತ್ತಿದ ಮುದಿ ಎಮ್ಮೆಯೋ ಎಂದು ತಾಲ್ಲೂಕು ಕಚೇರಿಯಲ್ಲಿ ಕುಳಿತವರಿಗೆ ತಿಳಿಯುವುದು ಹೇಗೆ?

ಮಹಜರಿನ ಒಂದು ಸಾಲು

ಗ್ರಾಮ ಆಡಳಿತ ಅಧಿಕಾರಿ ಪಂಚರ, ಅಂದರೆ ಸಾಕ್ಷಿಗಳ ಸಮ್ಮುಖದಲ್ಲಿ ಬರೆಯುವ ಸ್ಥಳ ಪರಿಶೀಲನೆಯ ವರದಿ, ಅಂದರೆ ಮಹಜರೇ ಇಡೀ ಕಡತದ ಬೆನ್ನೆಲುಬು. ಅದರಲ್ಲೂ ಕಾರಣ ಹೇಳುವ ಸಾಲು. ನಮ್ಮೂರಿನಲ್ಲೇ ನಾನು ಓದಿದ ಎರಡು ಮಹಜರುಗಳಲ್ಲಿ ಒಂದರಲ್ಲಿ ಹೀಗಿತ್ತು: "ಸದರಿ ಕೊಟ್ಟಿಗೆಯ ಹಳೆಯ ಗೋಡೆ ಬಿದ್ದು ಹಸು ಮೃತಪಟ್ಟಿರುತ್ತದೆ." ಇನ್ನೊಂದರಲ್ಲಿ: "ಮೂರು ದಿನಗಳಿಂದ ಸತತವಾಗಿ ಸುರಿದ ಮಳೆಯಿಂದ ನೆನೆದ ಕೊಟ್ಟಿಗೆಯ ಮಣ್ಣಿನ ಗೋಡೆ ರಾತ್ರಿ ಕುಸಿದು, ಅದರಡಿ ಸಿಲುಕಿ ಹಾಲು ಕರೆಯುವ ಹಸು ಮೃತಪಟ್ಟಿರುತ್ತದೆ."

ಎರಡೂ ಸುಳ್ಳಲ್ಲ. ಆದರೆ ಮೊದಲನೆಯದರಲ್ಲಿ ಮಳೆಯೇ ಇಲ್ಲ. ಮಳೆ ಇಲ್ಲದಿದ್ದರೆ ವಿಕೋಪವಿಲ್ಲ, ವಿಕೋಪವಿಲ್ಲದಿದ್ದರೆ ಎಸ್‌ಡಿಆರ್‌ಎಫ್ ಇಲ್ಲ. ಉಳಿಯುವುದು ಅನುಗ್ರಹದ ದಾರಿ. ಹಾಲಿನ ಹಸುವಿಗೆ ವಿಪತ್ತು ನಿಧಿಯ 37,500 ಎಲ್ಲಿ, ಅನುಗ್ರಹದ 15,000 ಎಲ್ಲಿ? ಆ ಒಂದು ಸಾಲಿನ ಬೆಲೆ 22,500 ರೂಪಾಯಿ. ಆದ್ದರಿಂದ ಸಹಿ ಹಾಕುವ ಮುನ್ನ "ಸಾಹೇಬರೇ, ಒಮ್ಮೆ ಓದಿ ಹೇಳಿ" ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಆಗದ್ದನ್ನು ಆಯಿತೆಂದು ಬರೆಸಬೇಡಿ, ಆದದ್ದು ಬಿಟ್ಟುಹೋಗಲೂ ಬಿಡಬೇಡಿ. ಅಂದು ಮಳೆಯೇ ಬಂದಿರಲಿಲ್ಲ ಎಂಬ ತಕರಾರು ಎದ್ದರೆ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಆ ದಿನದ ಅಂಕಿ ತೆಗೆದು ಅರ್ಜಿಗೆ ಲಗತ್ತಿಸಬಹುದು.

ಮಹಜರು, ಪರೀಕ್ಷೆ ಎರಡೂ ಮುಗಿದ ಮೇಲೆ ಕೆರೆ, ಬಾವಿ, ಹಳ್ಳದಿಂದ ದೂರ, ಆಳವಾಗಿ ಗುಂಡಿ ತೋಡಿಸಿ ಸುಣ್ಣ ಹಾಕಿ ಮುಚ್ಚಿ. ಗುಂಡಿಯದೂ ಒಂದು ಚಿತ್ರ ಇರಲಿ. ವಿಮೆ ಇದ್ದರೆ ಕಿವಿಯೋಲೆಯನ್ನು ಹೂಳಬೇಡಿ. ವಿಮಾ ಕಂಪನಿಯವರು ಅದನ್ನೇ ಕೇಳುತ್ತಾರೆ. ಓಲೆ ಇಲ್ಲದಿದ್ದರೆ ಕ್ಲೇಮೂ ಇಲ್ಲ. ಓಲೆಯನ್ನು ಹೇಗೆ ತೆಗೆದಿಡಬೇಕೆಂದು ವೈದ್ಯರನ್ನೇ ಕೇಳಿ, ಮರಣೋತ್ತರ ವರದಿಯ ಎರಡು ದೃಢೀಕೃತ ಪ್ರತಿ ಅವತ್ತೇ ಪಡೆದುಕೊಳ್ಳಿ. ಒಂದು ತಹಶೀಲ್ದಾರರಿಗೆ, ಒಂದು ವಿಮೆಗೆ.

ಎಷ್ಟು ಹಣ

2022-23ರಿಂದ 2025-26ರವರೆಗಿನ ಅವಧಿಗೆ ಕೇಂದ್ರ ಗೃಹ ಸಚಿವಾಲಯ ಗೊತ್ತುಪಡಿಸಿದ ದರ ಹೀಗಿದೆ. ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ. ಕುರಿ, ಮೇಕೆ, ಹಂದಿಗೆ 4,000. ಉಳುವ ಎತ್ತು, ಗಾಡಿಯ ಕುದುರೆಗೆ 32,000. ಕರು, ಕತ್ತೆ, ಹೇಸರಗತ್ತೆಗೆ 20,000. ಕೋಳಿಗೆ ತಲಾ 100, ಒಂದು ಕುಟುಂಬಕ್ಕೆ ಹೆಚ್ಚೆಂದರೆ 10,000. ಹಕ್ಕಿಜ್ವರಕ್ಕೆ ಸತ್ತ ಕೋಳಿಗೆ ಬೇರೆ ಯೋಜನೆ ಇರುವುದರಿಂದ ಅದು ಇಲ್ಲಿ ಬರುವುದಿಲ್ಲ. ಮನೆಗೆ ತಾಗಿದ ಕೊಟ್ಟಿಗೆ ಬಿದ್ದಿದ್ದರೆ ಅದಕ್ಕೆ 3,000. ಇದನ್ನು ಕೇಳುವುದನ್ನೇ ಬಹಳ ಜನ ಮರೆಯುತ್ತಾರೆ. ಈ ದರದ ಅವಧಿ 2026ರ ಮಾರ್ಚ್ 31ರವರೆಗೆ ಮಾತ್ರ. ಅದರ ನಂತರದ ಸಾವಿಗೆ ಆಗ ಜಾರಿಯಲ್ಲಿರುವ ಆದೇಶ ಯಾವುದೆಂದು ತಾಲ್ಲೂಕು ಕಚೇರಿಯ ವಿಪತ್ತು ಶಾಖೆಯಲ್ಲಿ ಕೇಳಿ, ಆ ಆದೇಶದ ಪ್ರತಿಯನ್ನೇ ನೋಡಿ.

ಮಿತಿಯೂ ಇದೆ. ಒಂದು ಕುಟುಂಬಕ್ಕೆ ಹಾಲು ಕೊಡುವ ದೊಡ್ಡ ಪ್ರಾಣಿ ಮೂರು, ಅಥವಾ ಕುರಿಮೇಕೆ ಮೂವತ್ತು, ಅಥವಾ ಎತ್ತಿನಂಥ ದೊಡ್ಡ ದುಡಿಮೆಯ ಪ್ರಾಣಿ ಮೂರು, ಅಥವಾ ಸಣ್ಣವು ಆರು. ಐದು ಹಸು ಸತ್ತರೂ ಲೆಕ್ಕ ಮೂರಕ್ಕೇ, ಅಂದರೆ 1,12,500 ರೂಪಾಯಿ. ಇಂದಿನ ಸಂತೆಯಲ್ಲಿ ಒಳ್ಳೆಯ ಹಾಲಿನ ಎಮ್ಮೆಯೊಂದಕ್ಕೇ ಲಕ್ಷದ ಆಸುಪಾಸು ಹೇಳುತ್ತಾರೆ. ಈ ಹಣದಿಂದ ಅಂಥದೇ ಎಮ್ಮೆ ಮರಳಿ ಬಾರದು. ಸಾಲ ಮಾಡುವುದಾದರೆ ಕೈಗಡಕ್ಕೆ ಒಂದಿಷ್ಟು ಆಸರೆ, ಅಷ್ಟೇ.

ಕುರಿಯ ವಿಷಯದಲ್ಲಿ ಲೆಕ್ಕ ತಿರುವುಮುರುವು. ವಿಪತ್ತು ನಿಧಿಯಲ್ಲಿ ತಲೆಗೆ 4,000, ಅನುಗ್ರಹದಲ್ಲಿ 7,500. ಯಾವ ಸಾವು ಯಾವುದರ ಕೆಳಗೆ ಬರುತ್ತದೆ ಎಂದು ಅರ್ಜಿ ಹಾಕುವ ಮೊದಲೇ ಪಶುವೈದ್ಯಾಧಿಕಾರಿಗಳ ಬಳಿ ಕುಳಿತು ಕೇಳಿಕೊಳ್ಳಿ. ಒಂದೇ ಕುರಿಗೆ ಎರಡೂ ಕಡೆ ಅರ್ಜಿ ಗುಜರಾಯಿಸಿದರೆ ಎರಡೂ ಕಡತಗಳು ಅನುಮಾನಕ್ಕೆ ಬೀಳುತ್ತವೆ.

ಹಿಂಡು ಹೊಡೆದುಕೊಂಡು ಊರೂರು ತಿರುಗುವ ಕುರಿಗಾಹಿ ಅಣ್ಣಂದಿರಿಗೆ ಒಂದು ಮಾತು. ನಿಮ್ಮೂರು ಯಾವುದೇ ಇರಲಿ, ಸಿಡಿಲು ಹೊಡೆದ ಜಾಗದಲ್ಲೇ ಮಹಜರು ಆಗಬೇಕು. ಸತ್ತ ಕುರಿಗಳನ್ನು ಬಿಟ್ಟು ಉಳಿದ ಹಿಂಡಿನೊಂದಿಗೆ ಮುಂದೆ ಹೋಗಬೇಕಾಗುವ ಸಂಕಟ ಗೊತ್ತು. ಹಿಂಡಿನ ಜತೆ ಒಬ್ಬರು ಹೋಗಲಿ, ಒಬ್ಬರು ನಿಲ್ಲಲಿ. ಸತ್ತ ಕುರಿಗಳನ್ನು ಸಾಲಾಗಿ ಮಲಗಿಸಿ ಎಣಿಕೆ ಸಿಗುವಂತೆ ಚಿತ್ರ ತೆಗೆಯಿರಿ. ಹಿಂಡಿನಲ್ಲಿ ಅಣ್ಣತಮ್ಮಂದಿರ ಕುರಿಗಳು ಬೆರೆತಿದ್ದರೆ, ಯಾರವು ಎಷ್ಟು ಎಂಬುದನ್ನು ಅಲ್ಲೇ ಬೇರೆಬೇರೆಯಾಗಿ ಬರೆಸಿ. ಮೂವತ್ತರ ಮಿತಿ ಇರುವುದು ಕುಟುಂಬಕ್ಕೆ, ಹಿಂಡಿಗಲ್ಲ.

ಅರ್ಜಿ

ಇದು ಅಂಥ ದೊಡ್ಡ ಕೆಲಸವೇನಲ್ಲ. ತಹಶೀಲ್ದಾರರಿಗೆ ಬಿಳಿ ಹಾಳೆಯಲ್ಲಿ ಒಂದು ಪುಟ ಸಾಕು. ಜತೆಗೆ ಮರಣೋತ್ತರ ವರದಿ, ಚಿತ್ರಗಳು, ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಡಿತರ ಚೀಟಿ, ಹೊಲ ಇದ್ದರೆ ಪಹಣಿ, ರೈತರ ಸರ್ಕಾರಿ ನೋಂದಣಿಯಾದ ‘ಫ್ರೂಟ್ಸ್’ನ ಸಂಖ್ಯೆ. ಈ ನೆರವು ಸಣ್ಣ ಮತ್ತು ಅತಿಸಣ್ಣ ರೈತರ ತಲೆಬರಹದ ಕೆಳಗೆ ಬರುವುದರಿಂದ ನಾಡಕಚೇರಿಯಿಂದ ಆ ಪ್ರಮಾಣಪತ್ರವನ್ನೂ ತೆಗೆದಿಡಿ.

ತೊಡಕು ಹುಟ್ಟುವುದು ಹೆಸರಿನಲ್ಲಿ. ಹೊಲ ಗಂಡನ ಹೆಸರಿಗೆ, ಹಾಲಿನ ಸಂಘದ ಸದಸ್ಯತ್ವ ಹೆಂಡತಿಯ ಹೆಸರಿಗೆ, ಕಿವಿಯೋಲೆ ಹಾಕಿಸಿದ ದಿನ ಕೊಟ್ಟಿಗೆಯಲ್ಲಿ ಇದ್ದವನು ಮಗ. ಓಲೆ ಯಾರ ಹೆಸರಿನಲ್ಲಿ ದಾಖಲಾಗಿದೆ ಎಂದು ಪಶು ಆಸ್ಪತ್ರೆಯಲ್ಲಿ ನೋಡಿಸಿ, ಆದಷ್ಟು ಅವರ ಹೆಸರಿನಲ್ಲೇ ಅರ್ಜಿ ಹಾಕಿ. ಬದಲಿಸಲೇಬೇಕಾದರೆ ಒಂದೇ ಕುಟುಂಬದವರು ಎಂಬುದಕ್ಕೆ ಪಡಿತರ ಚೀಟಿ ಸಾಕ್ಷಿಯಾಗುತ್ತದೆ.

ಅರ್ಜಿ ಕೊಟ್ಟ ಕೂಡಲೇ ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಂಡೇ ಹೊರಗೆ ಬನ್ನಿ. "ಅಲ್ಲಿಟ್ಟು ಹೋಗಿ" ಎಂದರೆ ಇಟ್ಟು ಹೋಗಬೇಡಿ. ನಾನು ಬರೆದುಕೊಟ್ಟ ಅರ್ಜಿಯೊಂದು ಹೀಗೆ ಇಟ್ಟು ಬಂದ ಮೇಜಿನ ಮೇಲಿಂದಲೇ ಮಾಯವಾಗಿ, ಮೊಹರು ಬಿದ್ದ ಪ್ರತಿ ಇಲ್ಲದ ಕಾರಣ ಎಲ್ಲವನ್ನೂ ಮೊದಲಿನಿಂದ ಬರೆಯಬೇಕಾಯಿತು.

ಕಳೇಬರವೇ ಇಲ್ಲದಿದ್ದರೆ

ಹೊಳೆ ಕೊಚ್ಚಿಕೊಂಡು ಹೋದ ದನಕ್ಕೆ ಮರಣೋತ್ತರ ಪರೀಕ್ಷೆ ಎಲ್ಲಿಂದ ಬರಬೇಕು? ಇಲ್ಲಿ ಎರಡು ಸಂಗತಿ ತೋರಿಸಬೇಕಾಗುತ್ತದೆ. ದನ ನಿಮ್ಮ ಬಳಿ ಇತ್ತು ಎಂಬುದು ಮೊದಲನೆಯದು, ಈಗ ಇಲ್ಲ ಎಂಬುದು ಎರಡನೆಯದು. ಎರಡನೆಯದಕ್ಕೆ ಠಾಣೆಯಲ್ಲಿ ದೂರು, ಅದರ ಸ್ವೀಕೃತಿ, ಅಕ್ಕಪಕ್ಕದವರ ಹೇಳಿಕೆ. ಮೊದಲನೆಯದಕ್ಕೆ ಓಲೆಯ ದಾಖಲೆ, ಲಸಿಕೆಯ ದಾಖಲೆ, ಸಾಲ ಮಾಡಿ ಕೊಂಡಿದ್ದರೆ ಬ್ಯಾಂಕಿನ ಕಾಗದ. ಎಲ್ಲಕ್ಕಿಂತ ಗಟ್ಟಿಯಾದದ್ದು ಹಾಲಿನ ಡೇರಿಯ ಪುಸ್ತಕ. ಡೇರಿಯಲ್ಲಿ ಹೊತ್ತು ಹೊತ್ತಿಗೂ ಲೀಟರ್, ಫ್ಯಾಟ್ ಬರೆದಿರುತ್ತಾರೆ.

ನಮ್ಮ ಅಕ್ಕನಿಗೆ ಕೈಕೊಟ್ಟದ್ದು ಗುಂಡಿ, ಕೈಹಿಡಿದದ್ದು ಆ ಪುಸ್ತಕ. ಆಗಸ್ಟ್ ಮೊದಲ ವಾರದವರೆಗೆ ಬೆಳಿಗ್ಗೆ ನಾಲ್ಕು, ಸಂಜೆ ಮೂರೂವರೆ ಲೀಟರ್. ಆಮೇಲೆ ಹಾಳೆ ಪೂರ್ತಿ ಖಾಲಿ. ಇದ್ದ ಎಮ್ಮೆ ಒಂದೇ, ಹಾಲು ನಿಂತದ್ದು ಒಂದೇ ದಿನ. ಸಂಘದ ಕಾರ್ಯದರ್ಶಿ ಆ ಹಾಳೆಯ ನಕಲಿಗೆ ಸಹಿ ಹಾಕಿ ಕೊಟ್ಟರು, ಐದು ಮನೆಯವರು ಹೇಳಿಕೆ ಕೊಟ್ಟರು. ಅಂದಿನ ದರದಂತೆ 30,000 ರೂಪಾಯಿ ಬಂತು. ಮುಂದಿನ ಬೇಸಿಗೆಗೆ.

ಹಣ ಬಾರದಿದ್ದರೆ

ಮಂಜೂರಾಗಿದೆ ಎನ್ನುತ್ತಾರೆ, ಖಾತೆಯಲ್ಲಿ ಏನೂ ಇಲ್ಲ. ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದದ್ದು ನಿಮ್ಮ ಬ್ಯಾಂಕ್. ಖಾತೆಗೆ ಆಧಾರ್ ಜೋಡಿಸಿದ್ದೇ ಬೇರೆ, ಆಧಾರ್ ಮೂಲಕ ಬರುವ ಸರ್ಕಾರಿ ಹಣ ಯಾವ ಖಾತೆಗೆ ಹೋಗಬೇಕು ಎಂದು ರಾಷ್ಟ್ರೀಯ ಪಾವತಿ ನಿಗಮದಲ್ಲಿ (ಎನ್‌ಪಿಸಿಐ) ಇರುವ ದಾಖಲೆಯೇ ಬೇರೆ. ಎಂದೋ ತೆರೆದು ಮರೆತ ಇನ್ನೊಂದು ಬ್ಯಾಂಕಿನ ಖಾತೆಗೆ ಹಣ ಹೋಗಿ ಕುಳಿತಿರುವುದನ್ನು ಕಂಡಿದ್ದೇನೆ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿದರೆ ಯಾವ ಬ್ಯಾಂಕ್ ಎಂದು ತಿಳಿಯುತ್ತದೆ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲೂ ನೋಡಬಹುದು.

ತಿರಸ್ಕರಿಸಿದ್ದೇವೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಒಪ್ಪಬೇಡಿ, ಹಿಂಬರಹ ಕೇಳಿ. ಕಾರಣ ಕಾಗದದ ಮೇಲೆ ಬಂದರೆ ಮಾತ್ರ ಅದಕ್ಕೆ ಉತ್ತರ ಬರೆಯಲು ಸಾಧ್ಯ. ಹಿಂಬರಹದೊಂದಿಗೆ ಉಪವಿಭಾಗಾಧಿಕಾರಿ, ಆಮೇಲೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ಆಗಿರುವ ಜಿಲ್ಲಾಧಿಕಾರಿ. 1902ಕ್ಕೆ ಕರೆ ಮಾಡಿ ಕುಂದುಕೊರತೆ ದಾಖಲಿಸಬಹುದು. ಹಿಂಬರಹವನ್ನೂ ಕೊಡದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಲ್ಲಿ ನಿಮ್ಮ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೇಳಿ. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಎಷ್ಟೋ ಬಾರಿ ಈ ಅರ್ಜಿ ತಲುಪಿದ ವಾರದಲ್ಲೇ ಕಡತಕ್ಕೆ ಕಾಲು ಬರುತ್ತದೆ.

ಬರಗಾಲದ ಮಾತು

ಬರ ಘೋಷಣೆಯಾದರೆ ದನದ ಹೆಸರಿನಲ್ಲಿ ಖಾತೆಗೆ ಹಣ ಬರುತ್ತದೆ ಎಂದು ಕಾಯಬೇಡಿ. ಅಲ್ಲಿ ನೆರವು ಮೇವಿನ ರೂಪದಲ್ಲಿ. 2025-26ರವರೆಗಿನ ದರದಂತೆ ಗೋಶಾಲೆಯಲ್ಲಿ ದೊಡ್ಡ ಪ್ರಾಣಿಗೆ ದಿನಕ್ಕೆ 80, ಸಣ್ಣದಕ್ಕೆ 45 ರೂಪಾಯಿಯ ಲೆಕ್ಕದಲ್ಲಿ ಖರ್ಚು ಮಾಡಲು ಅವಕಾಶವಿದೆ. ಅದನ್ನು ನಡೆಸುವುದು ಆಡಳಿತ.

ಮುಂಗಾರಿಗೆ ಮುನ್ನ, ದನ ಬದುಕಿದ್ದಾಗ

ಒಂದು ಭಾನುವಾರ ಸಾಕು. ಪ್ರತಿ ದನದ ಕಿವಿಯೋಲೆ, ಮುಖ, ಎರಡೂ ಪಕ್ಕೆಗಳ ಚಿತ್ರ ತೆಗೆದು ಬೇರೆ ಊರಿನಲ್ಲಿರುವ ಮಗಳಿಗೋ ತಮ್ಮನಿಗೋ ಕಳಿಸಿಡಿ. ನೆರೆಯಲ್ಲಿ ನಿಮ್ಮ ಫೋನೂ ಹೋಗಬಹುದಲ್ಲ. ಓಲೆ ಬಿದ್ದುಹೋಗಿದ್ದರೆ ಪಶು ಆಸ್ಪತ್ರೆಯಲ್ಲಿ ಹೊಸದು ಹಾಕಿಸಿ, ಹಳೆಯ ಸಂಖ್ಯೆಯೊಂದಿಗೆ ಜೋಡಿಸಲು ಹೇಳಿ. ಕಾಗದಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿಗೆಯಲ್ಲಲ್ಲ, ಅಟ್ಟದ ಮೇಲಿಡಿ.

ವಿಮೆಯನ್ನೂ ಕೇಳಿ ನೋಡಿ. ರಾಷ್ಟ್ರೀಯ ಜಾನುವಾರು ಮಿಷನ್‌ನಡಿ 2024ರಿಂದ ರೈತರ ಪಾಲು ಕಂತಿನ ಶೇ 15 ಮಾತ್ರ, ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳುತ್ತವೆ. ಹತ್ತು ದೊಡ್ಡ ಪ್ರಾಣಿಗಳವರೆಗೆ ಮಾಡಿಸಬಹುದು. ಹತ್ತು ಕುರಿಮೇಕೆಯನ್ನು ಒಂದು ದೊಡ್ಡ ಪ್ರಾಣಿಯ ಲೆಕ್ಕಕ್ಕೆ ಹಿಡಿಯುತ್ತಾರೆ. ಮಾಡಿಸಿದ ಮೇಲೆ ಪಾಲಿಸಿಯ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಮ್ಮ ಓಣಿಯಲ್ಲಿ ಕಳೆದ ಸಲ ಸಿಡಿಲಿಗೆ ಸತ್ತ ಹಸುವಿನ ಪಾಲಿಸಿ ಮುಗಿದು ಹನ್ನೊಂದು ದಿನವಾಗಿತ್ತು.